ತರಿ ಒಳಗಿರಬೇಕು

ಕ್ಯಾಮೆರಾ ಸಿಕ್ಕಿದ್ದು ಮಂಡಿ ಮೊಹಲ್ಲಾದ ಹಳೇ ಬೀರುಗಳ ಅಂಗಡಿಯಲ್ಲಿ,
ಕಾಲು ಮುರಿದ ತೊಟ್ಟಿಲಿಗೂ ಹೊಲಿಗೆ ಮೆಷಿನ್ನಿಗೂ ನಡುವೆ.
ತೇಗದ ಪೆಟ್ಟಿಗೆ, ಹಿತ್ತಾಳೆ ತಿರುಪು,
ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆ ತೊಗಲು.
ಹಿಂದೆ ಗಾಜಿರಬೇಕಾದಲ್ಲಿ
ಬರೀ ಚೌಕಟ್ಟು.
"ಗಾಜು ತಾನೆ, ಹಾಕಿಸ್ಕೊಳಿ" ಅಂದು
ಅಂಗಡಿಯವರು ಇನ್ನೂರು ಬಿಟ್ಟುಕೊಟ್ಟರು.

ಕನ್ನಡಿ ಅಂಗಡಿಯ ನಜೀರುಲ್ಲಾ ಕೊಯ್ದು ಕೊಟ್ಟದ್ದು ಬಚ್ಚಲ ಕಿಟಕಿಯ ಗಾಜು.
ಸಿಕ್ಕಿಸಿ, ಕರಿಬಟ್ಟೆ ಹೊದ್ದು ನೋಡಿದರೆ
ಎದುರುಮನೆಯ ಸಾವಂತ್ರಮ್ಮ ತಲೆಕೆಳಗಾಗಿ,
ರವೆಯಲ್ಲಿ ಹೊರಳಿಸಿ ತೆಗೆದ ಹಾಗೆ.
ಮೂಗು ಎಲ್ಲಿ ಮುಗಿದು ಮೂಗುಬಟ್ಟು ಎಲ್ಲಿ ಶುರು,
ಹೇಳುವಂತಿರಲಿಲ್ಲ.
ಟ್ರೇಸಿಂಗ್ ಪೇಪರ್ ಅಂಟಿಸಿದೆ, ಉಸಿರಿನ ಹಬೆಗೆ ಉಬ್ಬಿತು.
ಬಿಳಿ ಟೇಪು ಸಾಲಾಗಿ ಎಳೆದೆ,
ಸಾವಂತ್ರಮ್ಮನಿಗೆ ಪಟ್ಟೆ ಬಂತು.

ಬಸ್ ಡಿಪೋ ಹಿಂದಿನ ಮೆಕ್ಯಾನಿಕ್ ಚಿಕ್ಕೈದೇಗೌಡ
ವಾಲ್ವ್ ಉಜ್ಜುವ ಪೇಸ್ಟಿನ ಡಬ್ಬಿ ಕೈಗಿಟ್ಟು ಕೇಳಿದ:
"ಯಾವ ಇಂಜಿನ್ನು?"
ಇಂಜಿನ್ನಲ್ಲ, ಗಾಜು, ಅಂದೆ.
ಡಬ್ಬಿ ವಾಪಸ್ ಇಸ್ಕೊಂಡ.
ಒಳಗೆ ಹೋಗಿ ಪೊಟ್ಟಣದಲ್ಲಿ ಬೂದುಬಣ್ಣದ ಪುಡಿ ತಂದ.
"ನಿಮ್ಗೆ ಎಣ್ಣೆ ಬ್ಯಾಡ. ನೀರಾಕ್ಕಂಡು ಉಜ್ಜಿ."

ಮಹಡಿ ಮೇಲೆ, ಒದ್ದೆ ಪೇಪರಿನ ಮೇಲೆ ಗಾಜು,
ಗಾಜಿನ ಮೇಲೆ ಚಿಟಿಕೆ ಪುಡಿ, ನಾಲ್ಕು ಹನಿ ನೀರು,
ಅದರ ಮೇಲೆ ಅಂಗೈಯಗಲದ ಇನ್ನೊಂದು ಗಾಜು.
ಎಂಟು ಬರೆಯುತ್ತ ತಿರುಗಿಸಬೇಕು,
ಕನ್ನಡದ ಎಂಟಲ್ಲ, ಇಂಗ್ಲಿಷಿನ ಎಂಟು.
ಮೊದಲು ಕರಕರ, ಹಲ್ಲು ಜುಮ್ಮೆನ್ನುವಷ್ಟು.
ಆಮೇಲೆ ಸರಸರ.
ಅರ್ಧ ಗಂಟೆ ಕಳೆದರೆ ಬರೀ ಉಸಿರಿನ ಸದ್ದು.
ತೊಳೆದು ಹಿಡಿದರೆ
ನಡುವೆ ಒಂದು ಕಡೆ ಗಾಜು ಇನ್ನೂ ಗಾಜೇ,
ನುಣ್ಣಗೆ, ಮೊಂಡಾಗಿ, ಏನನ್ನೂ ಹಿಡಿಯದೆ.
ಬೆಳಕು ಅಲ್ಲಿ ತಂಗದೆ ಹೊರಟೇ ಹೋಗುತ್ತದೆ,
ಮದ್ದೂರಿನಲ್ಲಿ ನಿಲ್ಲದ ರೈಲಿನ ಹಾಗೆ.
ಮತ್ತೆ ಪುಡಿ. ಮತ್ತೆ ನೀರು.

ಮೂರನೇ ದಿನ ಸಾವಂತ್ರಮ್ಮ ಪೂರ್ತಿ ಬಂದರು.
ರೆಪ್ಪೆ, ಹುಬ್ಬು, ಸೆರಗಿನ ಪಿನ್ನು,
ಎಲ್ಲ ತಲೆಕೆಳಗೆ, ಎಲ್ಲ ಚೊಕ್ಕ.
ಫೋಟೋ ತೊಳೆದಾಗ ಮಾತ್ರ ಸಾವಂತ್ರಮ್ಮ ಮಂಜು.
ಅವರ ಹಿಂದಿನ ಗೋಡೆಯ ಕರೆಂಟ್ ಮೀಟರಿನಲ್ಲಿ
ಅಂಕಿ ಓದಬಹುದಿತ್ತು.

ಚೌಕಟ್ಟು ಹೊತ್ತು ಗಾಂಧಿನಗರಕ್ಕೆ ಹೋದೆ,
ಇನ್ನಾಸಪ್ಪನವರ ಮನೆಗೆ.
ನಲವತ್ತು ವರ್ಷ ಸ್ಟುಡಿಯೋದಲ್ಲಿ ಗ್ರೂಪ್ ಫೋಟೋ ತೆಗೆದವರು,
ಈಗ ಎರಡೂ ಕಣ್ಣಿಗೆ ಪೊರೆ, ಬರುವ ತಿಂಗಳು ಆಪರೇಷನ್.
"ನನ್ ಕಣ್ಣಿಗೂ ಯಾರೋ ಪುಡಿ ಹಾಕಿ ಉಜ್ಜಿದಾರೆ" ಅಂದು ನಕ್ಕರು.
ಗಾಜಿನ ಈ ಮೈಗೆ ಉಗುರೆಳೆದರು. ಆ ಮೈಗೆ ಎಳೆದರು.
"ತರಿ ಹೊರಗಿಟ್ಟಿದೀರಿ. ತರಿ ಒಳಗಿರ್ಬೇಕು, ಲೆನ್ಸಿನ ಕಡೆ.
ಗಾಜಿನ ದಪ್ಪ ಎಷ್ಟೋ, ಅಷ್ಟು ಸುಳ್ಳು ನೋಡಿದೀರಿ."

ಆಮೇಲೆ ಪೆನ್ಸಿಲ್ ಕೇಳಿದರು.
ಅಂಚಿನಿಂದ ಗೇಣು ಹಾಕಿ, ಹೆಬ್ಬೆರಳು ಊರಿ,
ತರಿಯ ಮೇಲೆ ಒಂದು ಗೆರೆ:
"ಇಲ್ಲಿ ಗದ್ದ."
ಅದರ ಕೆಳಗೆ ಇನ್ನೊಂದು:
"ಇಲ್ಲಿ ನೆತ್ತಿ. ಉಲ್ಟಾ ಅಲ್ವಾ, ಮರೀಬೇಡಿ."

ಗೆರೆ ಎರಡೂ ಎಡಕ್ಕೆ ವಾಲಿದ್ದವು.
ಅವರಿಗೆ ಹೇಳಲಿಲ್ಲ.

ರಬ್ಬರ್ ಮನೆಯಲ್ಲಿತ್ತು, ಮುಟ್ಟಲಿಲ್ಲ.
ಗಾಜು ತಿರುಗಿಸಿ ಕೂರಿಸಿ, ತಿರುಪು ಬಿಗಿದು,
ಕರಿಬಟ್ಟೆಯೊಳಗಿಂದ ಕೂಗಿದೆ:
ಸಾವಂತ್ರಮ್ಮ, ಕತ್ತು ಒಂಚೂರು ವಾಲಿಸಿ.
"ಯಾಕೆ?"
ಸುಮ್ಮನೆ. ಇನ್ನೂ ಒಂಚೂರು.
ಹಾ, ಅಷ್ಟೇ, ಅಲ್ಲಾಡಬೇಡಿ.